ನಡುಗಡಲಿನಿಂದ ಬಂದ ಕರೆ

ರಾತ್ರಿ ಎರಡು ಗಂಟೆಯ ಸಮಯವೆಂದು ಭಾವಿಸಿಕೊಳ್ಳಿರಿ. ಯೂರೋಪಿನ ಒಂದು ನಗರದಲ್ಲಿ ಮೇಜಿನ ಮುಂದೆ ಕುಳಿತ ಸ್ವಯಂಸೇವಕಿಯೊಬ್ಬಳಿಗೆ ಟೆಲಿಫೋನ್ ಕರೆ ಬರುತ್ತದೆ. ಗಾಳಿಯ ಮೊರೆತ, ಮಕ್ಕಳ ಅಳು, ಇವುಗಳ ನಡುವೆ ತುಂಡುತುಂಡಾಗಿ ಕೇಳಿಸುವ ಮಾತು. ಲಿಬಿಯಾದ ತೀರವನ್ನು ಬಿಟ್ಟು ಹೊರಟ ರಬ್ಬರ್ ದೋಣಿಯೊಂದರ ಎಂಜಿನ್ ನಿಂತುಹೋಗಿದೆ. ಒಳಗೆ ನೀರು ಏರುತ್ತಿದೆ. ಅವಳು ಮೊದಲು ಕೇಳುವ ಪ್ರಶ್ನೆ 'ನೀವು ಎಲ್ಲಿದ್ದೀರಿ?' ಎಂಬುದು. ಇದರ ಉತ್ತರವು ಎರಡು ಸಂಖ್ಯೆಗಳಲ್ಲಿ ದೊರೆಯಬೇಕು: ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ.

ಇಂಥ ಕರೆಗಳನ್ನು ಹಗಲಿರುಳೂ ಸ್ವೀಕರಿಸುವುದಕ್ಕಾಗಿ 2014ರ ಅಕ್ಟೋಬರ್ 11ರಂದು 'ಅಲಾರ್ಮ್ ಫೋನ್' ಎಂಬ ವ್ಯವಸ್ಥೆ ಪ್ರಾರಂಭವಾಯಿತು. ಯೂರೋಪು ಮತ್ತು ಉತ್ತರ ಆಫ್ರಿಕದ ಹಲವು ನಗರಗಳ ಸ್ವಯಂಸೇವಕರು ಸರದಿಯ ಮೇಲೆ ಇದನ್ನು ನಡೆಸುತ್ತಾರೆ. ಇವರ ಬಳಿ ಹಡಗಿಲ್ಲ. ಕರೆ ಬಂದೊಡನೆ ದೋಣಿಯ ಸ್ಥಾನವನ್ನು ಬರೆದುಕೊಂಡು, ಅದನ್ನು ಆಯಾ ದೇಶದ ಕರಾವಳಿ ರಕ್ಷಣಾ ಕೇಂದ್ರಗಳಿಗೆ ತಿಳಿಸಿ, ರಕ್ಷಣೆ ದೊರೆಯುವವರೆಗೂ ಆ ಕೇಂದ್ರಗಳ ಬೆನ್ನು ಬಿಡದಿರುವುದೇ ಇವರ ಕೆಲಸ.

ಸ್ಥಾನ ತಿಳಿಯದಿದ್ದರೇನು, ಹಡಗಿನವರು ಕಣ್ಣಿಟ್ಟು ಹುಡುಕಬಾರದೆ ಎಂದು ಕೆಲವರು ಕೇಳಬಹುದು. ಭೂಮಿಯ ಗೋಳಾಕಾರವೇ ಇದಕ್ಕೆ ಅಡ್ಡಿ. ನೀರಿನಿಂದ h ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ದಿಗಂತವು ಸುಮಾರು 3.57√h ಕಿಲೋಮೀಟರ್ ದೂರದಲ್ಲಿರುತ್ತದೆ. ದೋಣಿಯಲ್ಲಿ ಕುಳಿತವನ ಕಣ್ಣು ನೀರಿನಿಂದ ಒಂದು ಮೀಟರ್ ಮೇಲಿದ್ದರೆ ಅವನ ದಿಗಂತ ಮೂರೂವರೆ ಕಿಲೋಮೀಟರಿಗೆ ಮುಗಿಯಿತು. 16 ಮೀಟರ್ ಎತ್ತರದ ಅಟ್ಟದ ಮೇಲೆ ನಿಂತ ನಾವಿಕನಿಗೂ ಅದು 14 ಕಿಲೋಮೀಟರನ್ನು ಹೆಚ್ಚು ಮೀರದು. ಮೆಡಿಟರೇನಿಯನ್ ಸಮುದ್ರದ ವಿಸ್ತೀರ್ಣವಾದರೋ ಸುಮಾರು 25 ಲಕ್ಷ ಚದರ ಕಿಲೋಮೀಟರ್! ಹತ್ತು ಹನ್ನೆರಡು ಮೀಟರ್ ಉದ್ದದ ದೋಣಿ ಅಲೆಗಳ ನಡುವೆ ಮರೆಯಾಗುವುದು ಏನೂ ಕಷ್ಟವಲ್ಲ.

ತೀರದಿಂದ ದೂರ ಹೋದಂತೆ ನೆಲದ ಮೇಲಿನ ಮೊಬೈಲ್ ಗೋಪುರಗಳ ಸಂಪರ್ಕ ಕಡಿದುಹೋಗುತ್ತದೆ. ಆದುದರಿಂದ ಈ ಪ್ರಯಾಣಿಕರು ಸಾಧ್ಯವಾದರೆ ಉಪಗ್ರಹ ಫೋನೊಂದನ್ನು ಜೊತೆಗೊಯ್ಯುವುದುಂಟು. ಅದರ ದನಿ ಭೂಮಧ್ಯರೇಖೆಯ ನೆತ್ತಿಯಲ್ಲಿ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವನ್ನು ಮುಟ್ಟಿ ಹಿಂದಿರುಗಬೇಕಾಗಿರುವುದರಿಂದ, ಬೆಳಕಿನ ವೇಗದಲ್ಲಿ ಚಲಿಸಿಯೂ ಕಾಲು ಸೆಕೆಂಡು ತಡವಾಗಿ ಕೇಳಿಸುತ್ತದೆ. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು. ಗಾಬರಿಗೊಂಡವರು ಈ ಮೌನವನ್ನು ಸಹಿಸದೆ ಮತ್ತೆ ಮಾತನಾಡತೊಡಗಿದರೆ ಎರಡು ದನಿಗಳೂ ಕಲೆತುಹೋಗುತ್ತವೆ. ಸ್ಥಾನವನ್ನು ತಿಳಿಸುವ ಉಪಗ್ರಹಗಳು ಬೇರೆ. ಅವು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ಬಂದು ತಲುಪಿದ ಕಾಲವನ್ನು ಹೋಲಿಸಿ ಫೋನು ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪು. ಆದುದರಿಂದಲೇ ಆ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ.

ಇಷ್ಟು ಸೂಕ್ಷ್ಮವಾದ ಯಂತ್ರದ ಫಲವನ್ನು ಕೊನೆಗೆ ಬಾಯಿಂದ ಓದಿ ಹೇಳಬೇಕು, ಕಿವಿಯಿಂದ ಕೇಳಿ ಬರೆಯಬೇಕು. ತೊಡಕು ಇರುವುದು ಇಲ್ಲಿ. '34 ಡಿಗ್ರಿ 30 ಮಿನಿಟು' ಎಂದರೆ ದಶಾಂಶ ಪದ್ಧತಿಯಲ್ಲಿ 34.50 ಡಿಗ್ರಿ. ಕೇಳಿದವನು ಅದನ್ನು 34.30 ಎಂದು ಬರೆದುಕೊಂಡನೆನ್ನೋಣ. ವ್ಯತ್ಯಾಸ 0.20 ಡಿಗ್ರಿ, ಅಂದರೆ 12 ಮಿನಿಟು. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲಿಗೆ, ಎಂದರೆ 1,852 ಮೀಟರಿಗೆ, ಹೆಚ್ಚುಕಡಿಮೆ ಸಮ. ಹೀಗೆ ದೋಣಿ 22 ಕಿಲೋಮೀಟರ್ ಆಚೆಗೆ ಸರಿದುಹೋಯಿತು! ಮಾನವನ್ನು ಬರೆಯಲು ಮರೆಯುವ ನನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೋಗುವುದು ಅರ್ಧ ಅಂಕ ಮಾತ್ರ.

ಸ್ಥಾನ ಸರಿಯಾಗಿ ದೊರೆತರೂ ಅದು ಹಳಸುವ ಪದಾರ್ಥ. ಎಂಜಿನ್ ನಿಂತ ದೋಣಿಯನ್ನು ಗಾಳಿಯೂ ಪ್ರವಾಹವೂ ಎಳೆದೊಯ್ಯುತ್ತವೆ. ಗಂಟೆಗೆ ಎರಡೇ ಕಿಲೋಮೀಟರಿನಂತೆ ಯಾವ ದಿಕ್ಕಿಗಾದರೂ ತೇಲಿರಬಹುದೆಂದು ಇಟ್ಟುಕೊಂಡರೆ, ಮೂರು ಗಂಟೆಗಳ ಬಳಿಕ ಹುಡುಕಬೇಕಾದ ವೃತ್ತದ ವಿಸ್ತೀರ್ಣ ಸುಮಾರು 113 ಚದರ ಕಿಲೋಮೀಟರ್. ಆರು ಗಂಟೆಗಳ ಬಳಿಕ 452. ಕಾಲ ಎರಡರಷ್ಟಾದರೆ ಹುಡುಕುವ ಕಡಲು ನಾಲ್ಕರಷ್ಟಾಗುತ್ತದೆ. ಸ್ವಯಂಸೇವಕರು ಸ್ಥಾನವನ್ನು ಮೇಲಿಂದ ಮೇಲೆ ಕೇಳುವುದು ಇದಕ್ಕಾಗಿಯೇ.

ಆದರೆ ಸ್ಥಾನ ತಿಳಿದಿದ್ದೂ ಜನ ಸತ್ತಿದ್ದಾರೆ. 2011ರ ಮಾರ್ಚ್ ತಿಂಗಳ ಕೊನೆಯಲ್ಲಿ ಟ್ರಿಪೊಲಿಯಿಂದ 72 ಜನರನ್ನು ಹೊತ್ತು ಹೊರಟ ದೋಣಿಯಿಂದ, ರೋಮಿನಲ್ಲಿದ್ದ ಎರಿಟ್ರಿಯದ ಪಾದ್ರಿ ಮುಸ್ಸಿಯೆ ಜೆರಾಯಿ ಅವರಿಗೆ ಉಪಗ್ರಹ ಫೋನಿನಲ್ಲಿ ಕರೆ ಬಂದಿತು. ಅವರು ಕೂಡಲೆ ಇಟಲಿಯ ರಕ್ಷಣಾ ಕೇಂದ್ರಕ್ಕೆ ತಿಳಿಸಿದರು. ಫೋನಿನ ಸ್ಥಾನ ಗೊತ್ತಾಯಿತು, ಹಡಗುಗಳಿಗೆ ಎಚ್ಚರಿಕೆಯೂ ಹೋಯಿತು. ಲಿಬಿಯಾದ ಯುದ್ಧದ ನಿಮಿತ್ತ ಆ ಕಡಲಿನಲ್ಲಿ ಆಗ ಯುದ್ಧನೌಕೆಗಳಿಗೆ ಕೊರತೆಯಿರಲಿಲ್ಲ. ಆದರೂ ದೋಣಿ ಹದಿನಾಲ್ಕು ದಿನ ತೇಲಿ ಲಿಬಿಯಾದ ತೀರಕ್ಕೇ ಮರಳಿ ಬಂದು ಬಡಿಯಿತು. ಬದುಕಿ ಉಳಿದವರು ಒಂಬತ್ತು ಮಂದಿ. ಗಾಳಿ ಮತ್ತು ಪ್ರವಾಹಗಳ ದಾಖಲೆಗಳಿಂದ ಅದು ತೇಲಿದ ಹಾದಿಯನ್ನು ಸಮುದ್ರವಿಜ್ಞಾನದ ನೆರವಿನಿಂದ ಮುಂದೆ ಗುರುತಿಸಲಾಯಿತು.

2013ರ ಅಕ್ಟೋಬರ್ 11ರ ಪ್ರಕರಣ ಇನ್ನೂ ಕಠೋರವಾದುದು. ಸಿರಿಯದ ಕುಟುಂಬಗಳಿದ್ದ ದೋಣಿಯಿಂದ ವೈದ್ಯನೊಬ್ಬ ಇಟಲಿಗೆ ಮತ್ತೆ ಮತ್ತೆ ಕರೆಮಾಡಿದ. ದೋಣಿ ಇಟಲಿಯ ಲಾಂಪೆಡೂಸ ದ್ವೀಪಕ್ಕೆ ಸಮೀಪವಿದ್ದರೂ ಮಾಲ್ಟಾದ ಹೊಣೆಗೆ ಸೇರಿದ ಜಲಪ್ರದೇಶದಲ್ಲಿದ್ದುದರಿಂದ, ಮಾಲ್ಟಾವನ್ನು ಕೇಳಿರೆಂದು ಉತ್ತರ ಬಂದಿತು. ಇಟಲಿಯ ನೌಕಾದಳದ ಹಡಗೊಂದು ಹತ್ತಿರದಲ್ಲಿಯೇ ಇದ್ದಿತು. ಗಂಟೆಗಳು ಕಳೆದವು, ಸಂಜೆ ದೋಣಿ ಮಗುಚಿತು. 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 60 ಮಕ್ಕಳು. ಇಟಲಿ ಇವರ ಜೀವಿಸುವ ಹಕ್ಕನ್ನು ಕಾಪಾಡಲಿಲ್ಲವೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2021ರಲ್ಲಿ ತೀರ್ಮಾನಿಸಿತು. ಅಲಾರ್ಮ್ ಫೋನ್ ಹುಟ್ಟಿದ ದಿನಾಂಕವನ್ನು ವಾಚಕರು ಮತ್ತೊಮ್ಮೆ ನೋಡಬಹುದು: ಸರಿಯಾಗಿ ಒಂದು ವರ್ಷದ ಬಳಿಕ. ಕರೆಯನ್ನು ಕೇಳಿದ ಮೂರನೆಯವರೊಬ್ಬರಿದ್ದರೆ, ಹೊತ್ತನ್ನು ಬರೆದಿಟ್ಟುಕೊಂಡು ಎರಡೂ ಕೇಂದ್ರಗಳನ್ನು ಪ್ರಶ್ನಿಸುವವರಿದ್ದರೆ, ಹೀಗೆ ನುಣುಚಿಕೊಳ್ಳುವುದು ಅಷ್ಟು ಸುಲಭವಾಗದು.

ಇವರ ಕೆಲಸದಲ್ಲಿ ಒಂದು ಸಣ್ಣ ಉಪಾಯ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಉಪಗ್ರಹ ಫೋನಿನಲ್ಲಿ ಮೊದಲೇ ಹಣ ತುಂಬಿರಬೇಕು. ಅದು ತೀರಿದರೆ ಮಾತು ನಿಂತಿತು. ಸ್ವಯಂಸೇವಕರು ದಡದಿಂದಲೇ ಹಣ ತುಂಬಿಸುತ್ತಾರೆ, ಉಳಿದ ಮೊತ್ತವನ್ನೂ ನೋಡುತ್ತಿರುತ್ತಾರೆ. ಮೊತ್ತ ಇಳಿಯುತ್ತಿದ್ದರೆ ಆ ಫೋನನ್ನು ಇನ್ನೂ ಯಾರೋ ಬಳಸುತ್ತಿದ್ದಾರೆಂದು ಅರ್ಥ. ಇಳಿಯುವುದು ನಿಂತರೆ, ಅವರನ್ನು ಹಡಗೊಂದು ಹತ್ತಿಸಿಕೊಂಡಿರಬಹುದು, ಬ್ಯಾಟರಿ ಮುಗಿದಿರಬಹುದು, ದೋಣಿಯೇ ಮುಳುಗಿರಬಹುದು. ಸಂಖ್ಯೆಯೊಂದರಿಂದ ಇದನ್ನು ಬೇರ್ಪಡಿಸಿ ತಿಳಿಯುವಂತಿಲ್ಲ. ಸರದಿಯಲ್ಲಿರುವವಳು ಅದೇ ಫೋನಿಗೆ ಮತ್ತೊಮ್ಮೆ ಕರೆ ಮಾಡುತ್ತಾಳೆ, ಆಮೇಲೆ ರಕ್ಷಣಾ ಕೇಂದ್ರಕ್ಕೆ, ಆಮೇಲೆ ಮತ್ತೆ ಅದೇ ಫೋನಿಗೆ.