ಸ್ವತಂತ್ರ ಗುತ್ತಿಗೆದಾರರ ಕರಭಾರವೂ ಮತದಾನವೂ

ಪ್ರಜೆಗಳಿಗೂ ಸರಕಾರಕ್ಕೂ ಇರುವ ಸಂಬಂಧಗಳಲ್ಲಿ ಕರದ ಸಂಬಂಧದಷ್ಟು ನಿಕಟವಾದುದು ಬೇರೊಂದಿಲ್ಲ. ನ್ಯಾಯಾಲಯದ ಮೆಟ್ಟಿಲನ್ನು ಹತ್ತದವರುಂಟು, ಪೋಲೀಸು ಠಾಣೆಯನ್ನು ಕಾಣದವರುಂಟು. ಒಂದಿಲ್ಲೊಂದು ರೂಪದಿಂದ ಕರವನ್ನು ತೆರದವರು ಮಾತ್ರ ಯಾರೂ ಇಲ್ಲ. ಪರಕೀಯರ ಆಳಿಕೆಯಲ್ಲಿ ನಮ್ಮ ಅಂಕೋಲೆ, ಸಿದ್ದಾಪುರಗಳ ರೈತರು ೧೯೩೦ರ ದಶಕದ ಆರಂಭದಲ್ಲಿ ಕರನಿರಾಕರಣೆಯನ್ನು ಹೂಡಿ, ಭೂಮಿಕಾಣಿಗಳನ್ನು ಕಳೆದುಕೊಂಡು, ತಮ್ಮ ಅಭಿಪ್ರಾಯವನ್ನು ಸರಕಾರಕ್ಕೆ ತಿಳಿಸಬೇಕಾಯಿತು. ಮತಾಧಿಕಾರವುಳ್ಳ ಪ್ರಜೆಯು ಅದೇ ಕಾರ್ಯವನ್ನು ಮತಪೆಟ್ಟಿಗೆಯ ಮೂಲಕ ಸಾಧಿಸಬಲ್ಲನೆಂಬುದು ಪ್ರಜಾಪ್ರಭುತ್ವದ ಮೂಲ ನಂಬಿಕೆ. ಈ ನಂಬಿಕೆಯು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಲು, ಬ್ರಿಟನ್ನಿನ ಸ್ವತಂತ್ರ ಗುತ್ತಿಗೆದಾರರ ಅನುಭವವನ್ನು ನಾವು ಇಂದು ವಾಚಕರ ಮುಂದಿಡುತ್ತೇವೆ.

ಗುತ್ತಿಗೆದಾರರೆಂದೊಡನೆ ರಸ್ತೆ, ಸೇತುವೆಗಳನ್ನು ಕಟ್ಟಿಸುವ ಕಂತ್ರಾಟುದಾರರ ನೆನಪಾಗುವುದು ಸಹಜ. ನಾವು ಹೇಳುತ್ತಿರುವುದು ಅವರ ಮಾತಲ್ಲ. ಗಣಕಯಂತ್ರದ ಕೆಲಸ, ಇಂಜಿನಿಯರಿಂಗ್, ಲೆಕ್ಕಪತ್ರ ಮುಂತಾದ ವೃತ್ತಿಗಳಲ್ಲಿ ನುರಿತು, ಖಾಯಂ ನೌಕರಿಯನ್ನು ಹಿಡಿಯದೆ, ಆರು ತಿಂಗಳು ಒಬ್ಬರ ಬಳಿ, ಒಂದು ವರ್ಷ ಇನ್ನೊಬ್ಬರ ಬಳಿ ದುಡಿಯುವ ಜನರು ಬ್ರಿಟನ್ನಿನಲ್ಲಿ ಅನೇಕರಿದ್ದಾರೆ. ಇವರಲ್ಲಿ ಹಲವರು ತಾವೊಬ್ಬರೇ ಒಡೆಯರಾದ ಚಿಕ್ಕ ಕಂಪನಿಯನ್ನು ಸ್ಥಾಪಿಸಿ, ಸಂಭಾವನೆಯನ್ನು ಅದರ ಹೆಸರಿನಲ್ಲಿ ಪಡೆಯುವರು. ಅದರಿಂದ ಸ್ವಲ್ಪವನ್ನು ಸಂಬಳವೆಂದೂ ಉಳಿದುದನ್ನು ಲಾಭಾಂಶವೆಂದೂ ತೆಗೆದುಕೊಳ್ಳುವರು. ಲಾಭಾಂಶದ ಮೇಲೆ ರಾಷ್ಟ್ರೀಯ ವಿಮೆಯ ವಂತಿಗೆಯಿಲ್ಲ. ಆದ್ದರಿಂದ ಕರಭಾರವು ಹಗುರವಾಗುವುದು. ಇದಕ್ಕೆ ಪ್ರತಿಯಾಗಿ ಇವರಿಗೆ ಸಂಬಳದ ರಜೆಯಿಲ್ಲ, ಕಾಯಿಲೆ ಬಿದ್ದರೆ ವೇತನವಿಲ್ಲ, ನಾಳೆಯ ಕೆಲಸದ ಭರವಸೆಯೂ ಇಲ್ಲ.

ಬೊಕ್ಕಸದ ವಾದವೂ ತಿರಸ್ಕರಿಸತಕ್ಕದ್ದಲ್ಲ. ಒಂದೇ ಕಚೇರಿಯಲ್ಲಿ, ಒಂದೇ ಮೇಲಧಿಕಾರಿಯ ಅಪ್ಪಣೆಯಂತೆ, ಒಂದೇ ಬಗೆಯ ಕೆಲಸವನ್ನು ಮಾಡುವ ಇಬ್ಬರಲ್ಲಿ ನೌಕರನಾದವನು ಹೆಚ್ಚು ಕರವನ್ನೂ ಕಂಪನಿಯ ಹೆಸರನ್ನು ಮುಂದಿಟ್ಟುಕೊಂಡವನು ಕಡಿಮೆ ಕರವನ್ನೂ ತೆರುವುದು ನ್ಯಾಯವೇ ಎಂಬುದು ಅದರ ಪ್ರಶ್ನೆ. ಈ ಪ್ರಶ್ನೆಯನ್ನೆತ್ತಿ, ಮಜೂರ ಪಕ್ಷದ ಅರ್ಥಸಚಿವರಾಗಿದ್ದ ಗಾರ್ಡನ್ ಬ್ರೌನರ ೧೯೯೯ರ ಮುಂಗಡಪತ್ರದೊಡನೆ ಹೊಸ ನಿಯಮವೊಂದನ್ನು ಪ್ರಕಟಿಸಲಾಯಿತು. ಕರ ಇಲಾಖೆಯ ಪ್ರಕಟಣೆಯ ಸಂಖ್ಯೆಯಿಂದಲೇ ಅದಕ್ಕೆ 'ಐ.ಆರ್. ೩೫' ಎಂಬ ಹೆಸರು ಬಂದಿತು. ನಡುವಣ ಕಂಪನಿಯನ್ನು ಬದಿಗಿಟ್ಟು ನೋಡಿದರೆ ಆತನು ನೌಕರನೇ ಆಗಿರುವ ಪಕ್ಷದಲ್ಲಿ, ನೌಕರನಂತೆಯೇ ಕರ ತೆರಬೇಕೆಂಬುದು ನಿಯಮದ ಸಾರ. ಇದು ೨೦೦೦ದ ಏಪ್ರಿಲಿನಿಂದ ಜಾರಿಗೆ ಬಂದಿತು. ಇದನ್ನು ವಿರೋಧಿಸಲು ಗುತ್ತಿಗೆದಾರರು ೧೯೯೯ರಲ್ಲಿಯೇ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು.

ಮೊದಮೊದಲು ತಾನು ನೌಕರನೋ ಸ್ವತಂತ್ರನೋ ಎಂಬುದನ್ನು ಗುತ್ತಿಗೆದಾರನೇ ನಿರ್ಧರಿಸುತ್ತಿದ್ದನು. ೨೦೧೭ರ ಏಪ್ರಿಲಿನಿಂದ ಸರಕಾರಿ ಸಂಸ್ಥೆಗಳಲ್ಲಿಯೂ, ೨೦೨೧ರ ಏಪ್ರಿಲಿನಿಂದ ಮಧ್ಯಮ ಹಾಗೂ ದೊಡ್ಡ ಖಾಸಗಿ ಸಂಸ್ಥೆಗಳಲ್ಲಿಯೂ ಆ ನಿರ್ಣಯದ ಭಾರವನ್ನು ಕೆಲಸ ಕೊಡುವವರ ಮೇಲೆ ಹೊರಿಸಲಾಯಿತು. ನಿರ್ಣಯವು ತಪ್ಪಿದರೆ ದಂಡ ತೆರಬೇಕಾದೀತೆಂದು ಅಂಜಿದ ಕೆಲವು ದೊಡ್ಡ ಸಂಸ್ಥೆಗಳು, ಇಂಥ ಕಂಪನಿಗಳ ಮೂಲಕ ಯಾರನ್ನೂ ತೆಗೆದುಕೊಳ್ಳುವುದಿಲ್ಲವೆಂದು ಸಾರಿಬಿಟ್ಟವು. ಲಕ್ಷಿಸಬೇಕಾದ ವಿಷಯವೇನೆಂದರೆ, ಈ ಎರಡು ಬಿಗಿತಗಳನ್ನೂ ತಂದುದು ಸ್ವತಂತ್ರೋದ್ಯಮದ ಮಿತ್ರರೆಂದು ತಮ್ಮನ್ನು ಕರೆದುಕೊಳ್ಳುವ ಕನ್ಸರ್ವೇಟಿವ್ ಪಕ್ಷದವರೇ.

ಇನ್ನು ಚುನಾವಣೆಯ ಮಾತಿಗೆ ಬರೋಣ. ೨೦೧೭ರ ಮಾರ್ಚಿಯಲ್ಲಿ ಅರ್ಥಸಚಿವ ಫಿಲಿಪ್ ಹ್ಯಾಮಂಡರು ಸ್ವಂತ ಉದ್ಯೋಗಿಗಳ ವಿಮಾ ವಂತಿಗೆಯನ್ನು ಶೇಕಡಾ ೯ರಿಂದ ಕ್ರಮವಾಗಿ ೧೧ಕ್ಕೆ ಏರಿಸುವುದಾಗಿ ಹೇಳಿದರು. ೨೦೧೫ರ ಚುನಾವಣಾ ಪ್ರಣಾಳಿಕೆಯಲ್ಲಿ ಇಂಥ ಏರಿಕೆ ಮಾಡುವುದಿಲ್ಲವೆಂದು ಅವರ ಪಕ್ಷವು ವಚನವಿತ್ತಿತ್ತು. ಸ್ವಪಕ್ಷದ ಸದಸ್ಯರೇ ತಿರುಗಿಬಿದ್ದರು; ಒಂದೇ ವಾರದಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಳ್ಳಲಾಯಿತು. ಆಗ ಆ ದೇಶದಲ್ಲಿ ಸ್ವಂತ ಉದ್ಯೋಗಿಗಳ ಸಂಖ್ಯೆಯು ಸುಮಾರು ೪೮ ಲಕ್ಷ. ಅಷ್ಟು ಮತಗಳ ಭಯವು ವಾರದಲ್ಲಿ ಸಾಧಿಸಿದುದನ್ನು, ಅವರಲ್ಲಿ ಒಂದು ಸಣ್ಣ ಪಂಗಡವಾದ ಕಂಪನಿ ಗುತ್ತಿಗೆದಾರರು ಎರಡು ದಶಕಗಳಲ್ಲಿ ಸಾಧಿಸಲಾರದೆ ಹೋದರು.

೨೦೧೯ರ ಡಿಸೆಂಬರಿನ ಮಹಾಚುನಾವಣೆ ಸಮೀಪಿಸಿದಾಗ ಲಿಬರಲ್ ಡೆಮೊಕ್ರಾಟರು ಈ ನಿಯಮದ ಪುನರ್ವಿಮರ್ಶೆಯನ್ನು ತಮ್ಮ ಪ್ರಣಾಳಿಕೆಯಲ್ಲಿ ಸೇರಿಸಿದರು. ಮತದಾನಕ್ಕೆ ಎರಡು ವಾರವೂ ಉಳಿಯದಿದ್ದಾಗ ಅರ್ಥಸಚಿವ ಸಾಜಿದ್ ಜಾವಿದರೂ ಅದೇ ಮಾತನ್ನಾಡಿದರು. ಚುನಾವಣೆಯಲ್ಲಿ ಅವರ ಪಕ್ಷವು ೩೬೫ ಸ್ಥಾನಗಳನ್ನು ಗೆದ್ದಿತು. ಪುನರ್ವಿಮರ್ಶೆಯು ನಡೆದು, ಕೆಲವು ಚಿಕ್ಕ ತಿದ್ದುಪಡಿಗಳೊಡನೆ ಮುಗಿಯಿತು; ನಿಯಮವು ಹಾಗೆಯೇ ಉಳಿಯಿತು. ಕೋವಿಡ್ ಪಿಡುಗಿನಿಂದಾಗಿ ಒಂದು ವರ್ಷ ತಡವಾದುದೊಂದೇ ವ್ಯತ್ಯಾಸ. ಮುಂದೆ ೨೦೨೨ರ ಸೆಪ್ಟೆಂಬರ್ ೨೩ರಂದು ಕ್ವಾಸಿ ಕ್ವಾರ್ಟೆಂಗರು ೨೦೧೭ರ ಮತ್ತು ೨೦೨೧ರ ಮಾರ್ಪಾಟುಗಳೆರಡನ್ನೂ ರದ್ದುಪಡಿಸುವುದಾಗಿ ಘೋಷಿಸಿದರು. ಹಣದ ಪೇಟೆಯು ಅಲ್ಲೋಲಕಲ್ಲೋಲವಾಗಲು, ಅಕ್ಟೋಬರ್ ೧೭ರಂದು ಅವರ ಸ್ಥಾನಕ್ಕೆ ಬಂದ ಜೆರೆಮಿ ಹಂಟರು ಆ ಘೋಷಣೆಯನ್ನೇ ರದ್ದುಪಡಿಸಿದರು. ಗುತ್ತಿಗೆದಾರರ ಸಂತೋಷವು ಇಪ್ಪತ್ತನಾಲ್ಕು ದಿನಗಳದಾಯಿತು!

ಇದರಿಂದ ಅವರ ಮತವು ಎತ್ತ ಹರಿಯಿತು? ಗುಪ್ತಮತದಾನದಲ್ಲಿ ಯಾರ ಮತ ಯಾರಿಗೆಂದು ಎಣಿಸಿ ಹೇಳಲಾಗದು. ೨೦೨೪ರ ಚುನಾವಣೆಯಲ್ಲಿ ಕನ್ಸರ್ವೇಟಿವರು ೧೨೧ ಸ್ಥಾನಗಳಿಗೆ ಇಳಿದುದಕ್ಕೆ ಕಾರಣಗಳು ಅನೇಕ. ಅದನ್ನು ಈ ಒಂದು ನಿಯಮದ ತಲೆಗೆ ಕಟ್ಟುವುದು ಅವಿವೇಕವಾದೀತು. ಗುತ್ತಿಗೆದಾರರು ಒಂದು ಕ್ಷೇತ್ರದಲ್ಲಿ ನೆರೆದವರಲ್ಲ, ದೇಶದಲ್ಲೆಲ್ಲ ಚದರಿದವರು. ಅಲ್ಪ ಅಂತರದ ಕ್ಷೇತ್ರಗಳಲ್ಲಿ ಮಾತ್ರ ಅವರ ಮತಕ್ಕೆ ಬೆಲೆ. ಮೇಲಾಗಿ ಅವರಿಗೆ ಹೋಗಲು ಬೇರೆ ಮನೆಯೇ ಇರಲಿಲ್ಲ. ನಿಯಮವನ್ನು ಹುಟ್ಟಿಸಿದವರು ಒಂದು ಪಕ್ಷ, ಬೆಳೆಸಿದವರು ಇನ್ನೊಂದು ಪಕ್ಷ. ಇಂಥ ಸ್ಥಿತಿಯಲ್ಲಿ ಮತದಾರನ ಹಳೆಯ ನಿಷ್ಠೆಯು ಸಡಿಲುವುದು; ಹೊಸ ನಿಷ್ಠೆಯು ಮೂಡಲಾರದು. ಮತದ ದಿನ ಮನೆಯಲ್ಲಿಯೇ ಕುಳಿತುಕೊಳ್ಳುವ ಬೇಸರವು ಹುಟ್ಟುವುದು ಇಂಥ ಮಣ್ಣಿನಲ್ಲಿಯೇ. ಕರದ ಹೊರೆಗಿಂತ ವಚನಭಂಗದ ಹೊರೆಯು ಹೆಚ್ಚು ಭಾರವೆಂದು ನಮಗೆ ತೋರುತ್ತದೆ.

ನಮ್ಮ ನಾಡಿಗೂ ಇದರಲ್ಲಿ ಪಾಠವಿದೆ. ಬೆಂಗಳೂರಿನಂಥ ನಗರಗಳಲ್ಲಿ ಸ್ವತಂತ್ರವಾಗಿ ದುಡಿಯುವ ವೃತ್ತಿಗಾರರು ಕಡಿಮೆಯಿಲ್ಲ. ೨೦೧೬ರ ಹಣಕಾಸು ಕಾಯಿದೆಯು ವರ್ಷಕ್ಕೆ ೫೦ ಲಕ್ಷ ರೂಪಾಯಿಗಳ ವರೆಗೆ ಗಳಿಸುವ ವಕೀಲ, ವೈದ್ಯ, ಇಂಜಿನಿಯರ್ ಮುಂತಾದವರಿಗೆ, ಗಳಿಕೆಯ ಅರ್ಧವನ್ನೇ ಲಾಭವೆಂದು ತೋರಿಸಿ ಕರ ತೆರುವ ಸೌಕರ್ಯವನ್ನು ಕಲ್ಪಿಸಿತು. ೨೦೨೩ರಲ್ಲಿ, ನಗದು ವ್ಯವಹಾರವು ಅಲ್ಪವಾಗಿದ್ದವರಿಗೆ, ಆ ಮಿತಿಯನ್ನು ೭೫ ಲಕ್ಷಕ್ಕೆ ಏರಿಸಲಾಯಿತು. ಇಂಥ ನಿಯಮಗಳನ್ನು ಲೆಕ್ಕಿಗರು ಓದುವರು; ಮತದಾರರು ಓದಬೇಕಾದುದೂ ಅಷ್ಟೇ ಅವಶ್ಯ. ಅಭ್ಯರ್ಥಿಯು ಮನೆಬಾಗಿಲಿಗೆ ಬಂದಾಗ ಜಾತಿಮತಗಳನ್ನು ವಿಚಾರಿಸುವುದಕ್ಕೆ ಬದಲಾಗಿ, ಯಾವ ಕರವನ್ನು ಯಾರ ಮೇಲೆ ಯಾವ ನ್ಯಾಯದಿಂದ ಹೊರಿಸುವಿರೆಂದು ಕೇಳತಕ್ಕದ್ದು. ಆತನಿತ್ತ ಉತ್ತರವನ್ನು ನೆನಪಿನಲ್ಲಿಟ್ಟು, ಐದು ವರ್ಷಗಳ ಬಳಿಕ ಆತನ ನಡೆಯೊಡನೆ ಹೋಲಿಸಿ ನೋಡತಕ್ಕದ್ದು. ಅಂಕೋಲೆಯ ರೈತರು ಭೂಮಿಯನ್ನು ತೆತ್ತು ಗಳಿಸಿಕೊಟ್ಟ ಅಧಿಕಾರವಿದು. ಅದನ್ನು ಉಪಯೋಗಿಸಲು ನಮ್ಮಿಂದ ಬೇಕಾಗಿರುವುದು ಸ್ವಲ್ಪ ಜ್ಞಾಪಕಶಕ್ತಿ ಮಾತ್ರ.