ಕೈಗೆ ಹೊಸದಾದ ಪಿಸ್ತೂಲು: ಗುರಿ ಹೊಡೆಯುವ ತರುಣರಿಗೆ ನಾಲ್ಕು ಮಾತು

ವಿದ್ಯೆ ಯಾವುದೇ ಇರಲಿ, ಕಲಿತವನ ಕೈಗೆ ಹೊಸ ಉಪಕರಣ ಬಂದೊಡನೆ ಅವನು ಸ್ವಲ್ಪ ಕಾಲವಾದರೂ ಮರಳಿ ಶಿಷ್ಯನಾಗುತ್ತಾನೆ. ಹತ್ತು ವರ್ಷ ಒಂದೇ ಕಾವಲಿಯ ಮೇಲೆ ದೋಸೆ ಹುಯ್ದ ಭಟ್ಟರು ಬೇರೊಂದು ಹೋಟೆಲಿನ ಕಾವಲಿಯ ಮುಂದೆ ನಿಂತರೆ ಮೊದಲನೆಯ ದೋಸೆ ಎದ್ದು ಬರುವುದಿಲ್ಲ. ಒಂದು ಕಚೇರಿಯ ಯಂತ್ರಕ್ಕೆ ಒಗ್ಗಿದ ಗುಮಾಸ್ತರ ಬೆರಳು ಇನ್ನೊಂದು ಕಚೇರಿಯ ಯಂತ್ರದ ಮೇಲೆ ತಡವರಿಸುತ್ತದೆ. ದೋಸೆ ಸೀದರೆ ಒಂದು ಸೌಟು ಹಿಟ್ಟಿನ ನಷ್ಟ. ಲೆಕ್ಕ ತಪ್ಪಿದರೆ ಅಳಿಸಿ ಬರೆಯಬಹುದು. ಪಿಸ್ತೂಲಿನಿಂದ ಹೊರಟ ಗುಂಡನ್ನು ಮರಳಿ ಕರೆಯುವ ಉಪಾಯ ಮಾತ್ರ ಯಾರಲ್ಲಿಯೂ ಇಲ್ಲ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ಕಲ್ಕತ್ತೆಯಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವು ತರುಣರು ರಜೆಯ ದಿನ ರೈಫಲ್ ಕ್ಲಬ್ಬುಗಳ ಕಡೆ ಮುಖಮಾಡುತ್ತಿದ್ದಾರೆ. ನಾರ್ತ್ ಕಲ್ಕತ್ತಾ ರೈಫಲ್ ಕ್ಲಬ್, ಸೌತ್ ಕಲ್ಕತ್ತಾ ರೈಫಲ್ ಕ್ಲಬ್ ಎಂಬ ಹೆಸರುಗಳು ಈ ನಗರದಲ್ಲಿ ಪರಿಚಿತವಾದವು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದು ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡ ಜಯದೀಪ್ ಕರ್ಮಾಕರ್ ಇಲ್ಲಿಯವರೇ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಹರಿಯಾಣದ ಮನು ಭಾಕರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದ ಮೇಲಂತೂ ತರುಣರ ಉತ್ಸಾಹ ಇಮ್ಮಡಿಯಾಗಿದೆ. ಇದು ಸಂತೋಷದ ಸಂಗತಿಯೇ. ದಿನವಿಡೀ ನಿಂತು ಸಪ್ಲಾಯ್ ಮಾಡುವವರಿಗೂ, ಕುಳಿತು ಲೆಕ್ಕ ಬರೆಯುವವರಿಗೂ ಮನಸ್ಸನ್ನು ಒಂದೆಡೆ ನಿಲ್ಲಿಸುವ ಹವ್ಯಾಸ ಒಳ್ಳೆಯದು.

ಆದರೆ ಇವರ ಮಾತುಕತೆಯನ್ನು ಕೇಳಿದಾಗ ನಮ್ಮನ್ನು ಒಂದು ಶಂಕೆ ಕಾಡುತ್ತದೆ. ಏರ್ ಪಿಸ್ತೂಲಿನಲ್ಲಿ ಒಂದೆರಡು ತಿಂಗಳು ಕಳೆದು, ಕಾಗದದ ನಡುಭಾಗದಲ್ಲಿ ನಾಲ್ಕು ತೂತು ಬಿದ್ದೊಡನೆ, 'ಆ ರಿವಾಲ್ವರನ್ನು ಕೊಡಿ ದಾದಾ, ಈ ಪಿಸ್ತೂಲನ್ನೂ ಒಮ್ಮೆ ನೋಡೋಣ' ಎಂಬ ಆತುರ ಹುಟ್ಟುತ್ತದೆ. ಅಪರಿಚಿತವಾದ ಆಯುಧ ಕೈಗೆ ಬಂದಾಗ 'ಇದು ನನಗೆ ತಿಳಿಯದು' ಎನ್ನಲು ಸಂಕೋಚ. ಅಪಾಯವಿರುವುದು ಈ ಸಂಕೋಚದಲ್ಲಿಯೇ.

ನಮ್ಮ ನಾಡಿನವರಿಗೆ ಕೋವಿ ಹೊಸದಲ್ಲ. ಕೊಡಗಿನ ಕೈಲ್ ಪೊಳ್ದಿನಲ್ಲಿ ಆಯುಧಗಳನ್ನು ಪೂಜಿಸಿ ತೆಂಗಿನಕಾಯಿಗೆ ಗುರಿಯಿಡುವ ಸಂಪ್ರದಾಯವನ್ನು ಅರಿಯದ ಕನ್ನಡಿಗರಿಲ್ಲ. ಮಲೆನಾಡಿನ ತೋಟದ ಮನೆಗಳಲ್ಲಿಯೂ ಗೋಡೆಗೆ ಒರಗಿದ ಕೋವಿಯನ್ನು ಕಂಡು ಬೆಳೆದವರಿದ್ದಾರೆ. ಆದರೆ ಕೋವಿಯನ್ನು ಬಲ್ಲವನು ಪಿಸ್ತೂಲನ್ನೂ ಬಲ್ಲನೆಂದು ತಿಳಿಯಬಾರದು. ಕೋವಿಯನ್ನು ಭುಜ, ಕೆನ್ನೆ, ಎರಡು ಕೈಗಳು ಸೇರಿ ಹೊರುತ್ತವೆ. ಸ್ಪರ್ಧೆಯ ಪಿಸ್ತೂಲನ್ನು ಚಾಚಿದ ಒಂದೇ ಕೈ ಹೊರಬೇಕು.

ಇದರ ಪರಿಣಾಮವನ್ನು ಗಣಿತದಿಂದಲೇ ನೋಡಬಹುದು. ಗುರಿ ನೋಡುವ ಹಿಂದಿನ ಕಂಡಿಗೂ ಮುಂದಿನ ಕಡ್ಡಿಗೂ ನಡುವೆ 75 ಸೆಂಟಿಮೀಟರ್ ಅಂತರವಿರುವ ಕೋವಿಯಲ್ಲಿ, ಕಡ್ಡಿಯು ಒಂದು ಮಿಲಿಮೀಟರ್ ಓರೆಯಾದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 13 ಮಿಲಿಮೀಟರ್ ತಪ್ಪುತ್ತದೆ. ಅದೇ ಅಂತರ 15 ಸೆಂಟಿಮೀಟರ್ ಮಾತ್ರವಿರುವ ಕೈಪಿಸ್ತೂಲಿನಲ್ಲಿ ಅಷ್ಟೇ ಓರೆಗೆ ಸುಮಾರು 67 ಮಿಲಿಮೀಟರ್ ತಪ್ಪುತ್ತದೆ. ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್ ಎಂಬುದನ್ನು ನೆನೆದರೆ, ಆಯುಧ ಗಿಡ್ಡವಾದಷ್ಟೂ ಅದು ಸುಲಭವೆಂಬ ಭ್ರಮೆ ತಾನಾಗಿ ಕಳೆಯುತ್ತದೆ.

ಈ ಸತ್ಯಕ್ಕೆ ಕಲ್ಕತ್ತೆಯ ಇತಿಹಾಸದಲ್ಲಿಯೇ ಒಂದು ನಿದರ್ಶನವುಂಟು. 1914ರ ಆಗಸ್ಟ್ 26ರಂದು ರೊಡ್ಡಾ ಎಂಬ ಆಯುಧ ವ್ಯಾಪಾರಿಗಳಿಗೆ ಬಂದಿದ್ದ 202 ಪೆಟ್ಟಿಗೆಗಳನ್ನು ಸುಂಕದ ಕಟ್ಟೆಯಿಂದ ಬಿಡಿಸಿ ತರಲು ಹೋದ ಅವರದೇ ನೌಕರ ಶ್ರೀಶಚಂದ್ರ ಮಿತ್ರರು, 10 ಪೆಟ್ಟಿಗೆಗಳನ್ನು ಕ್ರಾಂತಿಕಾರರ ಕೈಗೆ ದಾಟಿಸಿದರು. ಅವುಗಳಲ್ಲಿ 50 ಮೌಸರ್ ಪಿಸ್ತೂಲುಗಳೂ 46,000 ತೋಟಾಗಳೂ ಇದ್ದವು. ಮರುವರ್ಷ ಸೆಪ್ಟೆಂಬರಿನಲ್ಲಿ ಬಾಲಸೋರಿನ ಬಳಿ ಬಾಘಾ ಜತೀನರು ಪೊಲೀಸರನ್ನು ಎದುರಿಸಿದಾಗ ಅವರ ತಂಡದ ಕೈಯಲ್ಲಿದ್ದುದು ಮೌಸರ್ ಪಿಸ್ತೂಲುಗಳೇ. ನಮ್ಮ ಪ್ರಕೃತ ವಿಷಯಕ್ಕೆ ಸಂಬಂಧಿಸಿದ ಸಂಗತಿಯೆಂದರೆ, ಆ ಪಿಸ್ತೂಲನ್ನು ಇಡುವ ಮರದ ಪೆಟ್ಟಿಗೆಯನ್ನೇ ಹಿಡಿಯ ಹಿಂದೆ ಸಿಕ್ಕಿಸಿ, ಭುಜಕ್ಕೆ ಒತ್ತಿ ಕೋವಿಯಂತೆ ಹಾರಿಸಬಹುದಾಗಿತ್ತು. ಒಂಟಿ ಕೈಯ ಆಯುಧಕ್ಕೆ ಭುಜದ ಆಸರೆ ಬೇಕೆಂದು ಅದನ್ನು ರಚಿಸಿದವರೇ ಅರಿತಿದ್ದರು.

ಇನ್ನು ಟ್ರಿಗರಿನ ವಿಚಾರ. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರು ಕನಿಷ್ಠ 500 ಗ್ರಾಂ ಭಾರವನ್ನು ತಾಳಬೇಕೆಂಬುದು ಸ್ಪರ್ಧೆಯ ನಿಯಮ. 25 ಮೀಟರ್ ಪಿಸ್ತೂಲಿಗೆ ಇದು 1000 ಗ್ರಾಂ. ಸಾಮಾನ್ಯ ರಿವಾಲ್ವರಿನಲ್ಲಿ ಹಿಂದಿನ ಸುತ್ತಿಗೆಯನ್ನು ಎತ್ತದೆ ನೇರವಾಗಿ ಎಳೆದರೆ ನಾಲ್ಕೈದು ಕಿಲೋಗ್ರಾಂ ಬಲ ಬೇಕು. ಸುತ್ತಿಗೆಯನ್ನು ಮೊದಲೇ ಎತ್ತಿಟ್ಟರೆ ಅದರ ಅರ್ಧಕ್ಕಿಂತಲೂ ಕಡಮೆ ಸಾಕು. ಅರ್ಧ ಕಿಲೋ ಸಕ್ಕರೆಯ ಪೊಟ್ಟಣವನ್ನು ಎತ್ತುವ ಬೆರಳಿಗೆ ಒಮ್ಮೆಲೇ ಐದು ಕಿಲೋ ಅಕ್ಕಿಯ ಚೀಲ ಕೊಟ್ಟಂತೆ! ಬೆರಳು ಬಲವಾಗಿ ಎಳೆದಾಗ ಮಣಿಕಟ್ಟು ಬಾಗಿ ಗುಂಡು ಕೆಳಕ್ಕೆ ಬೀಳುತ್ತದೆ. ವ್ಯತಿರಿಕ್ತವಾಗಿ, ಭಾರದ ಟ್ರಿಗರಿಗೆ ಒಗ್ಗಿದವನು ಹಗುರವಾದುದನ್ನು ಮುಟ್ಟಿದರೆ, ಗುರಿ ಕೂಡುವ ಮೊದಲೇ ಗುಂಡು ಹೊರಟುಹೋಗುತ್ತದೆ. ಮೊದಲನೆಯದು ಅಂಕದ ನಷ್ಟ, ಎರಡನೆಯದು ಜೀವದ ಭಯ.

ಒಂದೊಂದು ಜಾತಿಯ ಆಯುಧಕ್ಕೂ ಅದರದೇ ಆದ ಗುಟ್ಟುಗಳುಂಟು. ರಿವಾಲ್ವರಿನಲ್ಲಿ ತಿರುಗುವ ಉರುಳೆಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದೆ. ಹಾರಿಸುವಾಗ ಅಲ್ಲಿಂದ ಬಿಸಿ ಅನಿಲ ಬಲವಾಗಿ ಚಿಮ್ಮುವುದರಿಂದ ಬೆರಳನ್ನು ಅದರ ಪಕ್ಕ ಚಾಚಬಾರದು. ಹಳೆಯ ವೆಬ್ಲಿ ರಿವಾಲ್ವರು ಮೇಲಿನಿಂದ ಮುರಿದಂತೆ ತೆರೆಯುತ್ತದೆ. ಇನ್ನು ಕೆಲವುಗಳ ಉರುಳೆ ಪಕ್ಕಕ್ಕೆ ಹೊರಳುತ್ತದೆ. ತಾನಾಗಿ ತೋಟಾ ತುಂಬಿಕೊಳ್ಳುವ ಪಿಸ್ತೂಲಿನಲ್ಲಿ ಪ್ರತಿ ಗುಂಡಿಗೂ ಮೇಲಿನ ಉಕ್ಕಿನ ಹೊದಿಕೆ ರಭಸದಿಂದ ಹಿಂದೆ ಸರಿಯುತ್ತದೆ. ಹೆಬ್ಬೆರಳು ಅದರ ಹಿಂದೆ ಅಡ್ಡವಾಗಿದ್ದರೆ ಚರ್ಮ ಸೀಳುವುದು ನಿಶ್ಚಯ. ಎಲ್ಲಕ್ಕಿಂತ ಮುಖ್ಯವಾದುದು ಇದು: ಹಿಡಿಯೊಳಗಿನ ತೋಟಾ ಪೆಟ್ಟಿಗೆಯನ್ನು, ಅಂದರೆ ಮ್ಯಾಗಜೀನನ್ನು, ಹೊರತೆಗೆದ ಮಾತ್ರಕ್ಕೆ ಪಿಸ್ತೂಲು ಬರಿದಾಗುವುದಿಲ್ಲ, ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಖಾಲಿ ಎಂದು ನಂಬಿದ ಪಿಸ್ತೂಲಿನಿಂದ ಸಂಭವಿಸುವ ಅನಾಹುತಗಳಿಗೆ ಬಹುಮಟ್ಟಿಗೆ ಈ ಒಂದು ತೋಟಾವೇ ಕಾರಣ.

ಹಾಗಾದರೆ ಹೊಸ ಆಯುಧವನ್ನು ಮುಟ್ಟಲೇಬಾರದೇ? ಹಾಗೆಂದು ನಾವು ಹೇಳುವುದಿಲ್ಲ. ಮುಟ್ಟುವ ಕ್ರಮವೊಂದಿದೆ. ಮೊದಲು ಶಿಕ್ಷಕರು ತೋರಿಸಿಕೊಡಬೇಕು: ತೆರೆಯುವುದು ಹೇಗೆ, ಬರಿದು ಮಾಡುವುದು ಹೇಗೆ, ತಡೆಯ ಗುಂಡಿ ಎಲ್ಲಿದೆ, ಅದಿಲ್ಲದಿದ್ದರೆ ಇಲ್ಲವೆಂಬುದು. ಬಳಿಕ ಕಲಿಯುವವನು ತನ್ನ ಕಣ್ಣಿನಿಂದಲೇ ನಳಿಗೆಯ ಬುಡವನ್ನು ನೋಡಬೇಕು. ಅನಂತರ, ಶಿಕ್ಷಕರು ಒಪ್ಪಿದರೆ, ಬರಿಯ ಆಯುಧದಲ್ಲಿ ಗುರಿಯ ಕಡೆಗೆ ಹಿಡಿದು ಟ್ರಿಗರಿನ ಭಾರವನ್ನು ಪರಿಚಯಿಸಿಕೊಳ್ಳಬೇಕು. ಆ ಮೇಲೆ ಒಂದೇ ಒಂದು ತೋಟಾ. ಹಿಂದಕ್ಕೆ ಒದೆಯುವ ಪಿಸ್ತೂಲು ಬೆದರಿದ ಕೈಯಲ್ಲಿ ಮೇಲಕ್ಕೆದ್ದಾಗ ಬೆರಳು ಬಿಗಿದು ಎರಡನೆಯ ಗುಂಡು ಎತ್ತಲೋ ಹಾರುವುದುಂಟು. ಒಂದೇ ತುಂಬಿದ್ದರೆ ಆ ಭಯವಿಲ್ಲ. ಈ ಎಲ್ಲ ಕಾಲದಲ್ಲಿಯೂ ನಳಿಗೆಯ ಮುಖ ಗುರಿಯ ಕಡೆಗೇ ಇರಬೇಕು. ಹಾರಿಸುವ ಕ್ಷಣದವರೆಗೆ ಬೆರಳು ಟ್ರಿಗರಿನಿಂದ ಹೊರಗಿರಬೇಕು. 'ಸ್ಟಾಪ್' ಎಂಬ ಮಾತು ಕೇಳಿದೊಡನೆ ಎಲ್ಲವೂ ನಿಲ್ಲಬೇಕು. ಕಿವಿಗೂ ಕಣ್ಣಿಗೂ ರಕ್ಷಣೆ ಬೇಕು. ಗುಂಡಿನಲ್ಲಿ ಸೀಸವಿರುವುದರಿಂದ ಕೈ ತೊಳೆಯದೆ ತಿಂಡಿಯನ್ನು ಮುಟ್ಟಬಾರದೆಂದು ಹೋಟೆಲಿನವರಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ಹೆಸರು ಗಳಿಸಿದವರು ಹತ್ತು ಪಿಸ್ತೂಲುಗಳ ರುಚಿ ನೋಡಿ ಗಳಿಸಿದವರಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರನ್ನು ನೋಡಿರಿ. ಕೆನಡಾದಲ್ಲಿ ಇಂಜಿನಿಯರಾಗಿ ದುಡಿಯುತ್ತಿದ್ದ ಕಾಲದಲ್ಲಿ ಬಿಟ್ಟುಹೋಗಿದ್ದ ಅಭ್ಯಾಸವನ್ನು, ಸ್ವತಃ ಗುರಿಕಾರರಾಗಿದ್ದ ತಂದೆಯವರ ಪ್ರೇರಣೆಯಿಂದ ಮತ್ತೆ ಹಿಡಿದರು. 2013ರಲ್ಲಿ ವಿಶ್ವಕಪ್ಪಿನಲ್ಲಿ ಏರ್ ಪಿಸ್ತೂಲಿನ ಕಂಚು ಪಡೆದರು. ಅದೇ ವರ್ಷ ಮುಖದ ಒಂದು ಪಾರ್ಶ್ವ ಪಕ್ಷವಾತಕ್ಕೆ ತುತ್ತಾದರೂ ಧೈರ್ಯಗೆಡದೆ, 2014ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದರು. ಬೆಂಗಳೂರಿನವರೇ ಆದ ದಿವ್ಯಾ 2023ರಲ್ಲಿ ಬಾಕು ನಗರದಲ್ಲಿ ಸರಬ್‌ಜೋತ್ ಸಿಂಗರೊಡನೆ ಮಿಶ್ರ ಪಿಸ್ತೂಲು ಸ್ಪರ್ಧೆಯ ಚಿನ್ನ ಪಡೆದರು. ಚಿರಪರಿಚಿತವಾದ ಪಿಸ್ತೂಲೂ ಕೆಲವೊಮ್ಮೆ ಕೈಕೊಡುತ್ತದೆ: 2021ರಲ್ಲಿ ಟೋಕಿಯೋದಲ್ಲಿ ಮನು ಭಾಕರರ ಪಿಸ್ತೂಲು ಸ್ಪರ್ಧೆಯ ನಡುವೆ ಕೆಟ್ಟು, ದುರಸ್ತಿಯಲ್ಲಿ ಅಮೂಲ್ಯ ನಿಮಿಷಗಳು ಕಳೆದು, ಎರಡು ಅಂಕಗಳಲ್ಲಿ ಅಂತಿಮ ಸುತ್ತು ತಪ್ಪಿತು. ತನ್ನದೇ ಆಯುಧದ ಪಾಡು ಹೀಗಿರುವಾಗ, ಪರರ ಆಯುಧವನ್ನು ಒಂದು ಗಳಿಗೆಯಲ್ಲಿ ಬಲ್ಲೆನೆನ್ನುವುದು ಸಾಹಸವಲ್ಲ, ಅವಿವೇಕ.

ಕಾನೂನಿನ ಮಾತನ್ನೂ ಮರೆಯಬಾರದು. ಕ್ಲಬ್ಬಿನ ಆವರಣದಲ್ಲಿ, ಅಧಿಕಾರಿಗಳ ಸಮಕ್ಷಮದಲ್ಲಿ, ಕ್ಲಬ್ಬಿನ ಆಯುಧದಿಂದ ಅಭ್ಯಾಸ ಮಾಡುವುದು ಬೇರೆ. ಯಾರೋ ಗೆಳೆಯರು ತೋರಿಸಿದ ಪಿಸ್ತೂಲನ್ನು ಕೊಠಡಿಯಲ್ಲಿ ಒಂದು ರಾತ್ರಿ ಇಟ್ಟುಕೊಳ್ಳುವುದು ಬೇರೆ. 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದ ಬಂದೂಕು ಪಿಸ್ತೂಲುಗಳನ್ನು ಹೊಂದುವುದು ಸೆರೆಮನೆಯ ಅಪರಾಧ. 2019ರ ತಿದ್ದುಪಡಿ ಶಿಕ್ಷೆಗಳನ್ನು ಇನ್ನೂ ಬಿಗಿಗೊಳಿಸಿದೆ. 'ನೋಡಲು ಮಾತ್ರ ತೆಗೆದುಕೊಂಡೆ' ಎಂಬ ಉತ್ತರ ಠಾಣೆಯಲ್ಲಿ ನಡೆಯದು. ಊರಿಗೆ ತಿಂಗಳು ತಿಂಗಳು ಹಣ ಕಳಿಸುವ ಹುಡುಗನೊಬ್ಬ ಹೀಗೆ ಸಿಕ್ಕಿಬಿದ್ದರೆ, ಕುಂದಾಪುರದಲ್ಲೋ ಹಾಸನದಲ್ಲೋ ಇರುವ ತಾಯಿಗೆ ಯಾರು ಸಮಾಧಾನ ಹೇಳಬೇಕು?

ಆದುದರಿಂದ ನಮ್ಮ ತರುಣ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ಕ್ಲಬ್ಬಿಗೆ ಹೋಗಿರಿ, ಕ್ರಮವಾಗಿ ಸದಸ್ಯರಾಗಿರಿ, ಒಂದು ವರ್ಷವಾದರೂ ಒಂದೇ ಏರ್ ಪಿಸ್ತೂಲಿನ ಸೇವೆ ಮಾಡಿರಿ. ಹೊಸದೊಂದು ಕೈಗೆ ಬಂದ ದಿನ, ಪಕ್ಕದಲ್ಲಿ ಎಷ್ಟು ಜನ ನೋಡುತ್ತಿದ್ದರೂ ಸರಿಯೆ, 'ದಾದಾ, ಇದನ್ನು ನಾನರಿಯೆ, ತೋರಿಸಿಕೊಡಿ' ಎಂದು ಬಾಯಿಬಿಟ್ಟು ಕೇಳಿರಿ. ಕೇಳಿದವನನ್ನು ನೋಡಿ ಯಾರಾದರೂ ನಕ್ಕರೆ ಆ ನಗು ಸಂಜೆಯೊಳಗೆ ಮರೆತುಹೋಗುತ್ತದೆ. ಕೇಳದೆ ಎಳೆದ ಟ್ರಿಗರಿನ ಫಲವನ್ನು ಎರಡು ಮನೆಗಳು ಬಾಳಿನುದ್ದಕ್ಕೂ ಉಣ್ಣಬೇಕಾದೀತು.