ಶಾಯಿ ಇದೆ, ಅಕ್ಷರ ಮೂಡುತ್ತಿಲ್ಲ

ಬೆಳಗಾದರೆ ಪರೀಕ್ಷೆ. ರಾತ್ರಿ ಹತ್ತು ಗಂಟೆಗೆ ಮಗಳ ಪ್ರವೇಶಪತ್ರವನ್ನು ಪ್ರಿಂಟ್ ಮಾಡಲು ಕುಳಿತರೆ ಮನೆಯ ಪ್ರಿಂಟರ್ ಎಂದಿನಂತೆ ಗುರ್ ಎನ್ನುತ್ತದೆ, ಹಾಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಹೊರಗೂ ತಳ್ಳುತ್ತದೆ. ಆದರೆ ಹೆಸರಿನ ನಡುವೆ ಸಾಲು ಸಾಲು ಬಿಳಿ ಗೆರೆ. ನೋಂದಣಿ ಸಂಖ್ಯೆಯಲ್ಲಿ ಮೂರು ಯಾವುದು, ಎಂಟು ಯಾವುದು ತಿಳಿಯದು. ಭಾವಚಿತ್ರದಲ್ಲಿ ಹುಡುಗಿಯ ಮುಖ ಹಸಿರು ತಿರುಗಿದೆ. ಶಾಯಿ ಮುಗಿದಿದೆಯೇ ಎಂದು ನೋಡಿದರೆ ಅರ್ಧಕ್ಕಿಂತ ಹೆಚ್ಚೇ ಇದೆ. ಬೀದಿ ಕೊನೆಯ ಜೆರಾಕ್ಸ್ ಅಂಗಡಿಯವನು ಷಟರ್ ಎಳೆಯುವುದರೊಳಗೆ ಅಪ್ಪ ಪೆನ್‌ಡ್ರೈವ್ ಹಿಡಿದು ಓಡಬೇಕು.

ಇಂಥ ಪ್ರಸಂಗ ಈಗ ಬಹಳ ಮನೆಗಳದ್ದು. 2020ರಲ್ಲಿ ಕೊರೋನಾದಿಂದಾಗಿ ಶಾಲೆ ಮನೆಗೇ ಬಂದಾಗ ಅವಸರದಲ್ಲಿ ಕೊಂಡ ಪ್ರಿಂಟರ್‌ಗಳು ಎಷ್ಟೋ. ಶಾಲೆ ಬಾಗಿಲು ತೆರೆದ ಮೇಲೆ ಅವುಗಳ ಮೇಲೊಂದು ಕಸೂತಿ ಬಟ್ಟೆ ಬಿತ್ತು, ಅದರ ಮೇಲೊಂದು ಹೂದಾನಿ ಬಂತು. ತಿಂಗಳುಗಟ್ಟಲೆ ಸುಮ್ಮನಿದ್ದ ಯಂತ್ರ ಬೇಕಾದ ದಿನವೇ ಕೈಕೊಡುತ್ತದೆ. ರಿಪೇರಿಗೆ ಒಯ್ದರೆ, ‘ಹೆಡ್ ಹೋಗಿದೆ ಸಾರ್, ಹೊಸದೇ ತಗೊಳ್ಳಿ’ ಎಂಬ ಉತ್ತರ. ಹೊಸ ಹೆಡ್‌ನ ಬೆಲೆ ಕೇಳಿದರೆ ಅದೂ ನಿಜವೇ ಅನ್ನಿಸಿಬಿಡುತ್ತದೆ. ಆದರೆ ಹೀಗೆ ಗುಜರಿ ಸೇರುವ ಪ್ರಿಂಟರ್‌ಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ. ಅವುಗಳ ಬಾಯಿ ಒಣಗಿರುತ್ತದೆ, ಅಷ್ಟೆ.

ಶಾಯಿಪೆನ್ನಿನ ಕಾಲದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆ ರಜೆ ಮುಗಿಸಿ ಬಂದು ಹೀರೋ ಪೆನ್ನಿನ ಮುಚ್ಚಳ ತೆಗೆದರೆ ನಿಬ್ಬು ಬರೆಯುತ್ತಿರಲಿಲ್ಲ. ಬಿಸಿನೀರಿನ ಲೋಟದಲ್ಲಿ ಅದ್ದಿಟ್ಟರೆ ನೀಲಿ ಎಳೆ ಎಳೆಯಾಗಿ ಬಿಡುತ್ತಿತ್ತು. ಪೆನ್ನಿಗೆ ಇರುವುದು ಒಂದೇ ಸೀಳು. ಇಂಕ್‌ಜೆಟ್ ಪ್ರಿಂಟರಿನ ಹೆಡ್‌ಗೆ ನೂರಾರು ರಂಧ್ರಗಳು. ಒಂದೊಂದರ ಅಗಲ ಸುಮಾರು 20 ಮೈಕ್ರಾನ್. ನಮ್ಮ ತಲೆಗೂದಲೇ ಅದರ ಮೂರು ಪಟ್ಟು ದಪ್ಪ. ಅದರಿಂದ ಸಿಡಿಯುವ ಹನಿಯನ್ನು ಪಿಕೋಲೀಟರ್‌ಗಳಲ್ಲಿ ಅಳೆಯುತ್ತಾರೆ. ನಲ್ಲಿಯಿಂದ ಬೀಳುವ ಒಂದು ತೊಟ್ಟು ನೀರಿನಲ್ಲಿ ನಾಲ್ಕು ಪಿಕೋಲೀಟರಿನ ಹನಿಗಳು ಒಂದು ಕೋಟಿಗೂ ಹೆಚ್ಚು!

ಈ ಹನಿಯನ್ನು ಸಿಡಿಸಲು ಎರಡು ದಾರಿಗಳಿವೆ, ಎರಡಕ್ಕೂ ಒಳ್ಳೆಯ ಕಥೆಗಳಿವೆ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಸಂಶೋಧಕ ಇಚಿರೋ ಎಂಡೊ ಕೆಲಸ ಮಾಡುತ್ತಿದ್ದಾಗ ಬಿಸಿ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿತು. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಶಾಖದಿಂದ ಗುಳ್ಳೆ, ಗುಳ್ಳೆಯಿಂದ ಹನಿ. ಇದೇ ಹೊತ್ತಿಗೆ ಅಮೆರಿಕದ ಎಚ್‌ಪಿ ಕಂಪನಿಯಲ್ಲೂ ಇದೇ ತತ್ವದ ಮೇಲೆ ಕೆಲಸ ಸಾಗಿ, 1984ರಲ್ಲಿ ಥಿಂಕ್‌ಜೆಟ್ ಎಂಬ ಪ್ರಿಂಟರ್ ಮಾರುಕಟ್ಟೆಗೆ ಬಂತು. ಎರಡನೆಯ ದಾರಿ ಎಪ್ಸನ್‌ನದು. ಅಲ್ಲಿ ಬಿಸಿಯ ಮಾತಿಲ್ಲ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಕೊಂಡಿದ್ದರು. ಅದನ್ನೇ ತಿರುವುಮುರುವು ಮಾಡಿ, ವಿದ್ಯುತ್ ಕೊಟ್ಟು ಪುಟ್ಟ ಪದರವನ್ನು ಬಾಗಿಸಿ ಶಾಯಿಯನ್ನು ದೂಡುವುದು ಈ ವಿಧಾನ.

ಕಥೆ ಯಾವುದೇ ಇರಲಿ, ಶಾಯಿಯ ಬಹುಪಾಲು ನೀರು. ರಂಧ್ರದ ಬಾಯಲ್ಲಿ ನೀರು ಆರಿದರೆ ಬಣ್ಣ ಅಂಟಾಗಿ ಕೂರುತ್ತದೆ. ಬೇಗ ಆರದಿರಲೆಂದು ಶಾಯಿಗೆ ಗ್ಲಿಸರಿನ್‌ನಂಥ ವಸ್ತು ಬೆರೆಸಿರುತ್ತಾರೆ. ಕೆಲಸ ಮುಗಿಸಿದ ಹೆಡ್ ತನ್ನ ಜಾಗಕ್ಕೆ ಹೋಗಿ ಒಂದು ರಬ್ಬರ್ ಮುಚ್ಚಳದ ಮೇಲೆ ಕೂರುವ ಏರ್ಪಾಡೂ ಇದೆ. ನಮ್ಮಲ್ಲಿ ತಪ್ಪುವುದು ಇಲ್ಲಿಯೇ. ಪ್ರಿಂಟ್ ಆಗುತ್ತಿರುವಾಗಲೇ ಕರೆಂಟ್ ಹೋದರೆ ಹೆಡ್ ನಡುದಾರಿಯಲ್ಲಿ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಇನ್ನು ವಿದ್ಯುತ್ ಉಳಿಸಬೇಕೆಂದು ಗೋಡೆಯ ಸ್ವಿಚ್ಚನ್ನೇ ಪಟ್ಟನೆ ಆರಿಸುವುದು ಹಿರಿಯರಿಂದ ಬಂದ ಒಳ್ಳೆಯ ಅಭ್ಯಾಸ, ಪ್ರಿಂಟರ್ ಒಂದಕ್ಕೆ ಮಾತ್ರ ಒಗ್ಗದು. ಮೊದಲು ಪ್ರಿಂಟರಿನ ಗುಂಡಿ ಒತ್ತಿ, ಅದು ಗುರುಗುಟ್ಟಿ ಸುಮ್ಮನಾದ ಮೇಲೆ ಗೋಡೆಯ ಸ್ವಿಚ್. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಂತೂ ಈ ಅರ್ಧ ನಿಮಿಷದ ತಾಳ್ಮೆ ಬೇಕೇಬೇಕು.

ಕಟ್ಟಿಕೊಂಡ ಹೆಡ್‌ಗೆ ಮೊದಲ ಔಷಧ ಪ್ರಿಂಟರಿನಲ್ಲೇ ಇದೆ. ನಾಜಲ್ ಚೆಕ್ ಎಂಬ ಪರೀಕ್ಷಾ ಪುಟ ತೆಗೆದರೆ ನಾಲ್ಕು ಬಣ್ಣದ ಸಣ್ಣ ಗೆರೆಗಳ ಸಾಲು ಬರುತ್ತದೆ. ಎಲ್ಲಿ ಗೆರೆ ಹಾರಿದೆಯೋ ಅಲ್ಲಿ ರಂಧ್ರ ಮುಚ್ಚಿದೆ ಎಂದರ್ಥ. ಮುಖ ಹಸಿರಾಗಿದ್ದರೆ ಮೆಜೆಂಟಾದ ಸಾಲಿನಲ್ಲಿ ನೋಡಬೇಕು. ಆಮೇಲೆ ಹೆಡ್ ಕ್ಲೀನಿಂಗ್. ಎರಡು, ಹೆಚ್ಚೆಂದರೆ ಮೂರು ಸಲ. ಜನ ಸೋಲುವುದು ನಾಲ್ಕನೆಯ ಸಲದಲ್ಲಿ: ಗಾಬರಿಯಿಂದ ಹತ್ತು, ಹದಿನೈದು ಸಲ ಒತ್ತುತ್ತಾರೆ. ಪ್ರತಿ ಸಲವೂ ಶಾಯಿಯನ್ನು ಹೀರಿ ಪ್ರಿಂಟರಿನ ಹೊಟ್ಟೆಯೊಳಗಿನ ಹೀರುಪ್ಯಾಡಿಗೆ ಸುರಿಯಲಾಗುತ್ತದೆ. ಆ ಪ್ಯಾಡ್ ತುಂಬಿತೆಂದು ಪ್ರಿಂಟರಿಗೆ ಅನಿಸಿದರೆ ಅದು ಕೆಲಸವನ್ನೇ ನಿಲ್ಲಿಸುತ್ತದೆ. ಒಂದು ರೋಗಕ್ಕೆ ಮದ್ದು ಮಾಡಲು ಹೋಗಿ ಇನ್ನೊಂದು ತಂದುಕೊಂಡಂತೆ.

ಮೂರು ಸಲಕ್ಕೂ ಬಗ್ಗದಿದ್ದರೆ ಪ್ರಿಂಟರ್ ಆರಿಸಿ ಹನ್ನೆರಡು ಗಂಟೆ ಬಿಟ್ಟುಬಿಡುವುದೇ ಮೇಲು. ಈಗಷ್ಟೇ ಬಂದ ಹಸಿ ಶಾಯಿ ಹಳೆಯ ಅಂಟನ್ನು ನಿಧಾನವಾಗಿ ಕರಗಿಸುತ್ತದೆ, ಒಳಗೆ ಸೇರಿದ ಗಾಳಿಗುಳ್ಳೆಯೂ ಮೇಲೇರುತ್ತದೆ. ರಾತ್ರಿ ಮೊಂಡು ಹಿಡಿದದ್ದು ಬೆಳಿಗ್ಗೆ ಬರೆಯುವುದುಂಟು.

ಅದಕ್ಕೂ ಮೇಲಿನ ಚಿಕಿತ್ಸೆ ಪ್ರಿಂಟರಿನ ಜಾತಿ ನೋಡಿ. ಕಾರ್ಟ್ರಿಜ್‌ನಲ್ಲೇ ಹೆಡ್ ಇರುವ ಮಾದರಿಯಾದರೆ ಕೆಲಸ ಸುಲಭ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಉಗುರುಬೆಚ್ಚಗೆ ಮಾಡಿ, ನೂಲು ಬಿಡದ ಬಟ್ಟೆಯನ್ನು ಅದರಲ್ಲಿ ತೋಯಿಸಿ ಹಿಂಡಿ, ಕಾರ್ಟ್ರಿಜ್‌ನ ಬಾಯಿಯನ್ನು ಅದರ ಮೇಲೆ ಎರಡು ಮೂರು ನಿಮಿಷ ಊರಿಡಬೇಕು. ಬಣ್ಣದ ಪಟ್ಟಿಗಳು ಬಟ್ಟೆಯ ಮೇಲೆ ಮೂಡಿದರೆ ಗೆದ್ದಂತೆ. ಉಜ್ಜಬಾರದು, ತಾಮ್ರದ ಬಣ್ಣದ ಬಿಂದುಗಳಿಗೆ ಒದ್ದೆ ತಾಗಿಸಬಾರದು. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಸೋಲಾರ್ ಹೀಟರಿನ ಕೊಳವೆಯನ್ನು ಸುಣ್ಣಗಟ್ಟಿಸುವ ನೀರು 20 ಮೈಕ್ರಾನ್ ರಂಧ್ರವನ್ನು ಬಿಟ್ಟೀತೆ?

ಶಾಯಿತೊಟ್ಟಿ ಇರುವ ಮಾದರಿಗಳಲ್ಲಿ ಹೆಡ್ ಸಾಮಾನ್ಯವಾಗಿ ಯಂತ್ರಕ್ಕೇ ಜೋಡಿಸಿರುತ್ತದೆ. ಇಲ್ಲಿ ಮೊದಲು ನೋಡಬೇಕಾದ್ದು ಆ ರಬ್ಬರ್ ಮುಚ್ಚಳವನ್ನು. ಅದರ ಅಂಚಿನಲ್ಲಿ ಶಾಯಿ ಗಟ್ಟಿಯಾಗಿದ್ದರೆ ಮುಚ್ಚಳ ಸರಿಯಾಗಿ ಕೂರದು, ಎಷ್ಟು ಕ್ಲೀನಿಂಗ್ ಮಾಡಿದರೂ ಶಾಯಿ ಎಳೆಯದು. ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಅಂಚನ್ನು ಒರೆಸಿ, ಒಳಗೆ ನಾಲ್ಕು ತೊಟ್ಟು ಹಾಕಿ ಹೆಡ್‌ಅನ್ನು ರಾತ್ರಿಯಿಡೀ ಅದರ ಮೇಲೆ ಕೂರಿಸಿಡುವುದು ಬಲ್ಲವರು ಮಾಡುವ ಉಪಾಯ. ಹೆಡ್‌ಅನ್ನು ಕೈಯಿಂದ ಸರಿಸುವ ಮುನ್ನ ಪ್ಲಗ್ ಕಿತ್ತಿರಬೇಕು. ಸಿರಿಂಜಿನಿಂದ ನೀರು ನುಗ್ಗಿಸುವ ಶೂರರೂ ಇದ್ದಾರೆ. ಒತ್ತಡ ಹೆಚ್ಚಾದರೆ ಒಳಗಿನ ಪದರ ಹರಿದು ಒಂದು ಬಣ್ಣ ಇನ್ನೊಂದರೊಳಗೆ ನುಗ್ಗುತ್ತದೆ.

ವಾರವಿಡೀ ಪ್ರಯತ್ನಿಸಿದರೂ ಅದೇ ಗೆರೆ ಅದೇ ಜಾಗದಲ್ಲಿ ಹಾರುತ್ತಿದ್ದರೆ ಅದು ಕಟ್ಟಿಕೊಂಡದ್ದಲ್ಲ, ಸುಟ್ಟುಹೋದದ್ದಿರಬಹುದು. ಶಾಖದ ಹೆಡ್‌ಗಳಲ್ಲಿ ಶಾಯಿ ಬಾರದೆಯೂ ಮುದ್ರಿಸುತ್ತಲೇ ಹೋದರೆ ಹೀಗಾಗುತ್ತದೆ. ಆಗ ಅಂಗಡಿಯವನ ಮಾತನ್ನು ಒಪ್ಪಿಕೊಳ್ಳಬೇಕು.

ಇಷ್ಟೆಲ್ಲ ಉಪದ್ವ್ಯಾಪ ಬೇಡವೆಂದರೆ ವಾರಕ್ಕೊಮ್ಮೆ ಒಂದು ಬಣ್ಣದ ಪುಟ ತೆಗೆದರಾಯಿತು. ಕಪ್ಪು ಅಕ್ಷರ ಮಾತ್ರ ಮುದ್ರಿಸಿದರೆ ಉಳಿದ ಮೂರು ಬಣ್ಣಗಳು ಒಣಗುತ್ತವೆ. ಅಂಗೈಯಗಲದ ಗಿಳಿಯ ಚಿತ್ರ ಸಾಕು: ರೆಕ್ಕೆಯ ಹಸಿರಿಗೆ ಸಯಾನ್ ಮತ್ತು ಹಳದಿ, ಕೊಕ್ಕಿನ ಕೆಂಪಿಗೆ ಮೆಜೆಂಟಾ, ಕೊರಳಿನ ಪಟ್ಟಿಗೆ ಕಪ್ಪು. ಈ ಕೆಲಸವನ್ನು ಮಕ್ಕಳಿಗೇ ವಹಿಸಬಹುದು. ಕೊಕ್ಕು ಹಳದಿಯಾಗಿ ಬಂದ ಭಾನುವಾರ ಅವರೇ ಬಂದು ಹೇಳುತ್ತಾರೆ.